ಎರೆಟ್ಮಾಪ್ಟೆರಾ ಮರ್ಫಿ

ಎರೆಟ್ಮಾಪ್ಟೆರಾ ಮರ್ಫಿ ಎಂಬುದು ದಕ್ಷಿಣ ಅಟ್ಲಾಂಟಿಕ್ ಸಾಗರದ ದಕ್ಷಿಣ ಜಾರ್ಜಿಯಾ ದ್ವೀಪಕ್ಕೆ ಸ್ಥಳೀಯವಾದ, ಹಾರಲಾರದ ಒಂದು ನೊರಜು. ಇದು ನೊಣ ಮತ್ತು ಸೊಳ್ಳೆಗಳನ್ನೊಳಗೊಂಡ ಡಿಪ್ಟೆರಾ ಗಣದ ಕೈರೊನೊಮಿಡೇ ಕುಟುಂಬಕ್ಕೆ ಸೇರಿದೆ. 1960ರ ದಶಕದಲ್ಲಿ ಸಸ್ಯಗಳ ಪ್ರಯೋಗಕ್ಕೆಂದು ತರಲಾದ ಗಿಡ ಮತ್ತು ಮಣ್ಣಿನ ಜೊತೆಯಲ್ಲಿ ಇದು ಅಂಟಾರ್ಕ್ಟಿಕ್ ವಲಯದ ಸಿಗ್ನಿ ದ್ವೀಪವನ್ನು ಆಕಸ್ಮಿಕವಾಗಿ ತಲುಪಿತು ಎಂದು ಭಾವಿಸಲಾಗಿದೆ. ಅಲ್ಲಿ ನೆಲೆಯೂರಿದ ಕೀಟವು ಇಂದು ಆ ದ್ವೀಪದ ಮಣ್ಣಿನ ಅತ್ಯಂತ ಪ್ರಭಾವಶಾಲಿ ಅಕಶೇರುಕಗಳಲ್ಲಿ ಒಂದಾಗಿದೆ.

ದೂರದ ಶೀತ ದ್ವೀಪಗಳಲ್ಲಿ ಹರಡುವ ಆಕ್ರಮಣಕಾರಿ ಮಣ್ಣಿನ ಜೀವಿಗಳ ಅಧ್ಯಯನದಲ್ಲಿ ಈ ಪ್ರಭೇದಕ್ಕೆ ವಿಶೇಷ ಸ್ಥಾನವಿದೆ. ಇದು ಬೇಟೆಗಾರ ಕೀಟವಲ್ಲ. ಬೇರೆ ಪ್ರಾಣಿಗಳನ್ನು ತಿನ್ನುವುದಿಲ್ಲ, ರೋಗವನ್ನೂ ಹರಡುವುದಿಲ್ಲ. ಸತ್ತ ಸಸ್ಯಾಂಶವನ್ನು ತಿಂದು ಕೊಳೆಯುವಿಕೆಯನ್ನು ವೇಗಗೊಳಿಸುವುದಷ್ಟೇ ಇದರ ಕೆಲಸ. ಆದರೆ ಕೊಳೆಯುವಿಕೆ ಅತಿ ನಿಧಾನವಾಗಿ ನಡೆಯುವುದೇ ಸಿಗ್ನಿ ದ್ವೀಪದ ಪರಿಸರ ವ್ಯವಸ್ಥೆಯ ಮೂಲ ಲಕ್ಷಣವಾಗಿರುವುದರಿಂದ, ಅಲ್ಲಿ ಈ ಕೆಲಸವೇ ದೊಡ್ಡ ಬದಲಾವಣೆಗೆ ಕಾರಣವಾಗುತ್ತಿದೆ.

ಹೆಸರು ಮತ್ತು ವರ್ಗೀಕರಣ

ಈ ಪ್ರಭೇದವನ್ನು 1914ರಲ್ಲಿ ಷೆಫರ್ ಎಂಬ ಕೀಟಶಾಸ್ತ್ರಜ್ಞರು ವೈಜ್ಞಾನಿಕವಾಗಿ ವಿವರಿಸಿದರು. ಅಮೆರಿಕದ ಪಕ್ಷಿಶಾಸ್ತ್ರಜ್ಞ ರಾಬರ್ಟ್ ಕುಶ್‌ಮನ್ ಮರ್ಫಿ 1912–13ರಲ್ಲಿ ‘ಡೈಸಿ’ ಎಂಬ ತಿಮಿಂಗಿಲ ಬೇಟೆಯ ಹಾಯಿಹಡಗಿನಲ್ಲಿ ದಕ್ಷಿಣ ಜಾರ್ಜಿಯಾಕ್ಕೆ ಪ್ರಯಾಣ ಮಾಡಿದ್ದರು. ಪ್ರಭೇದದ ಹೆಸರಿನಲ್ಲಿರುವ ‘ಮರ್ಫಿ’ ಎಂಬ ಪದವು ಅವರನ್ನು ಸ್ಮರಿಸುತ್ತದೆ. ಕುಲದ ಹೆಸರಾದ ‘ಎರೆಟ್ಮಾಪ್ಟೆರಾ’ ಗ್ರೀಕ್ ಭಾಷೆಯ ಎರಡು ಪದಗಳಿಂದ ಉಂಟಾಗಿದೆ; ‘ಎರೆಟ್ಮಾನ್’ ಎಂದರೆ ಹುಟ್ಟು, ‘ಪ್ಟೆರಾನ್’ ಎಂದರೆ ರೆಕ್ಕೆ. ದೋಣಿಯ ಹುಟ್ಟಿನಂತೆ ಕಿರಿದಾದ ರೆಕ್ಕೆಯುಳ್ಳದ್ದು ಎಂಬುದು ಇದರ ಭಾವಾರ್ಥ.

ಕೈರೊನೊಮಿಡೇ ಕುಟುಂಬದ ಕೀಟಗಳು ನೋಡಲು ಸೊಳ್ಳೆಯನ್ನು ಹೋಲುತ್ತವೆ, ಆದರೆ ಕಚ್ಚುವುದಿಲ್ಲ. ಜಗತ್ತಿನ ಬಹುತೇಕ ಎಲ್ಲ ಭಾಗಗಳಲ್ಲಿ, ಹೆಚ್ಚಾಗಿ ಕೆರೆ ತೊರೆಗಳ ಬಳಿ, ಈ ಕುಟುಂಬದ ಸದಸ್ಯರು ಕಂಡುಬರುತ್ತಾರೆ. ಅಂಟಾರ್ಕ್ಟಿಕಾದ ಸ್ಥಳೀಯ ಕೀಟಗಳು ಎರಡೇ ಎರಡು: ಬೆಲ್ಜಿಕಾ ಅಂಟಾರ್ಕ್ಟಿಕಾ ಮತ್ತು ಪಾರೊಕ್ಲಸ್ ಸ್ಟೈನೆನಿ. ಎರಡೂ ಇದೇ ಕುಟುಂಬಕ್ಕೆ ಸೇರಿವೆ. ಇವುಗಳಲ್ಲಿ ರೆಕ್ಕೆಯಿಲ್ಲದ ಬೆಲ್ಜಿಕಾ ಅಂಟಾರ್ಕ್ಟಿಕಾ ಪ್ರಭೇದವು ಎರೆಟ್ಮಾಪ್ಟೆರಾ ಮರ್ಫಿಯ ನಿಕಟ ಸಂಬಂಧಿಯೆಂದು ಅಣುಜೀವಶಾಸ್ತ್ರೀಯ ಅಧ್ಯಯನಗಳು ತೋರಿಸಿವೆ.

ದೇಹರಚನೆ

ಪ್ರೌಢ ಕೀಟವು ಕೆಲವೇ ಮಿಲಿಮೀಟರ್ ಉದ್ದದ, ಕಪ್ಪು ಬಣ್ಣದ ಸಣ್ಣ ಜೀವಿ. ಇದರ ರೆಕ್ಕೆಗಳು ಕುಗ್ಗಿ ಸಣ್ಣ ತುಣುಕುಗಳಾಗಿ ಮಾತ್ರ ಉಳಿದಿವೆ. ಅವುಗಳಿಂದ ಹಾರಲು ಸಾಧ್ಯವಿಲ್ಲ. ಆದ್ದರಿಂದ ಪ್ರೌಢ ಕೀಟವು ಹಾವಸೆ ಮತ್ತು ಮಣ್ಣಿನ ಮೇಲೆ ನಡೆದಾಡುತ್ತದೆ. ಬಿರುಗಾಳಿ ಸದಾ ಬೀಸುವ ಸಣ್ಣ ದ್ವೀಪಗಳಲ್ಲಿ ರೆಕ್ಕೆಯ ನಷ್ಟ ಅಪರೂಪದ ಸಂಗತಿಯಲ್ಲ. ಹಾರುವ ಕೀಟವನ್ನು ಗಾಳಿ ಸಮುದ್ರಕ್ಕೆ ಒಯ್ಯುವ ಅಪಾಯವಿರುವುದರಿಂದಲೂ, ರೆಕ್ಕೆಯ ಸ್ನಾಯುಗಳಿಗೆ ವ್ಯಯವಾಗುವ ಶಕ್ತಿಯನ್ನು ಸಂತಾನಕ್ಕೆ ಬಳಸಬಹುದಾದುದರಿಂದಲೂ ಇಂತಹ ವಿಕಾಸ ನಡೆದಿದೆ ಎಂದು ವಿವರಿಸಲಾಗುತ್ತದೆ.

ಮರಿಹುಳುವು ಕಾಲಿಲ್ಲದ, ಉದ್ದನೆಯ ದೇಹದ ಹುಳು. ಇದು ಮಣ್ಣಿನ ಮೇಲ್ಪದರ, ಹಾವಸೆಯ ಬುಡ ಹಾಗೂ ಪೀಟ್ ಎಂದು ಕರೆಯಲಾಗುವ ಅರೆಕೊಳೆತ ಸಸ್ಯಾಂಶದ ಪದರದಲ್ಲಿ ವಾಸಿಸುತ್ತದೆ.

ಜೀವನಚಕ್ರ

ಎರೆಟ್ಮಾಪ್ಟೆರಾ ಮರ್ಫಿಯ ಜೀವನಚಕ್ರ ಪೂರ್ಣಗೊಳ್ಳಲು ಸುಮಾರು ಎರಡು ವರ್ಷಗಳು ಬೇಕು. ಈ ಅವಧಿಯ ಬಹುಭಾಗವನ್ನು ಕೀಟವು ಮರಿಹುಳುವಾಗಿಯೇ ಕಳೆಯುತ್ತದೆ. ಮೊಟ್ಟೆಯಿಂದ ಹೊರಬಂದ ಮರಿಹುಳು ನಾಲ್ಕು ಹಂತಗಳಲ್ಲಿ ಬೆಳೆಯುತ್ತದೆ. ಪ್ರತಿ ಹಂತದ ಕೊನೆಯಲ್ಲಿ ಪೊರೆ ಕಳಚುತ್ತದೆ. ಬೇಸಿಗೆಯಲ್ಲಿ ಮಣ್ಣು ಕರಗಿದಾಗ ತಿಂದು ಬೆಳೆಯುವ ಮರಿಹುಳು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲದೊಳಗೆ ನಿಶ್ಚಲವಾಗಿರುತ್ತದೆ. ಹೀಗೆ ಎರಡು ಚಳಿಗಾಲಗಳನ್ನು ಕಳೆದ ನಂತರ ಅದು ಕೋಶಾವಸ್ಥೆಯನ್ನು ತಲುಪಿ, ಬೇಸಿಗೆಯಲ್ಲಿ ಪ್ರೌಢ ಕೀಟವಾಗಿ ಹೊರಬರುತ್ತದೆ. ಪ್ರೌಢ ಕೀಟ ಆಹಾರ ಸೇವಿಸುವುದಿಲ್ಲ. ಕೆಲವೇ ದಿನ ಬದುಕಿ, ಮೊಟ್ಟೆಗಳನ್ನಿಟ್ಟು ಸಾಯುತ್ತದೆ.

ಈ ಪ್ರಭೇದದಲ್ಲಿ ಗಂಡು ಕೀಟಗಳ ಅಗತ್ಯವಿಲ್ಲ. ಹೆಣ್ಣು ಕೀಟಗಳು ಕೂಡುವಿಕೆಯಿಲ್ಲದೆಯೇ ಫಲವತ್ತಾದ ಮೊಟ್ಟೆಗಳನ್ನಿಡುತ್ತವೆ. ಈ ಕ್ರಮಕ್ಕೆ ಅನಿಷೇಕ ಸಂತಾನೋತ್ಪತ್ತಿ ಎಂದು ಹೆಸರು. ಹೊಸ ನೆಲೆಯನ್ನು ಆಕ್ರಮಿಸುವ ದೃಷ್ಟಿಯಿಂದ ಈ ಗುಣ ಬಹಳ ಮಹತ್ವದ್ದು. ಗಂಡು ಹೆಣ್ಣುಗಳೆರಡೂ ಬೇಕಾದ ಪ್ರಭೇದವು ಹೊಸ ಜಾಗದಲ್ಲಿ ನೆಲೆಯೂರಲು ಹಲವು ಜೀವಿಗಳು ಒಟ್ಟಿಗೆ ಅಲ್ಲಿಗೆ ತಲುಪಬೇಕಾಗುತ್ತದೆ. ಎರೆಟ್ಮಾಪ್ಟೆರಾ ಮರ್ಫಿಗಾದರೋ, ಒಂದು ಹಿಡಿ ಮಣ್ಣಿನಲ್ಲಿ ಅಡಗಿದ ಒಂದೇ ಒಂದು ಮರಿಹುಳು ಬದುಕಿ ಉಳಿದರೂ ಹೊಸ ವಂಶವನ್ನು ಆರಂಭಿಸಲು ಸಾಕು.

ಮೂಲ ನೆಲೆ

ದಕ್ಷಿಣ ಜಾರ್ಜಿಯಾ ಸುಮಾರು 54 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿರುವ, ಹಿಮನದಿಗಳಿಂದ ಕೂಡಿದ ಪರ್ವತಮಯ ದ್ವೀಪ. ಇದು ಬ್ರಿಟನ್ನಿನ ಸಾಗರೋತ್ತರ ಪ್ರದೇಶವಾಗಿದ್ದು, ಇದನ್ನು ಉಪ-ಅಂಟಾರ್ಕ್ಟಿಕ್ ದ್ವೀಪಗಳ ಗುಂಪಿಗೆ ಸೇರಿಸಲಾಗುತ್ತದೆ. ಇಲ್ಲಿನ ಕರಾವಳಿಯಲ್ಲಿ ಎತ್ತರದ ಹುಲ್ಲುಪೊದೆಗಳು, ಹೂಬಿಡುವ ಹಲವು ಸಸ್ಯಗಳು ಮತ್ತು ದಟ್ಟವಾದ ಹಾವಸೆಗಳಿವೆ. ಜೀರುಂಡೆಗಳು, ಜೇಡಗಳು, ನೊಣಗಳು ಮುಂತಾದ ಹಲವು ಬಗೆಯ ಅಕಶೇರುಕಗಳೂ ಇಲ್ಲಿ ವಾಸಿಸುತ್ತವೆ. ಎರೆಟ್ಮಾಪ್ಟೆರಾ ಮರ್ಫಿ ಈ ಸಮುದಾಯದ ಒಂದು ಸಾಧಾರಣ ಸದಸ್ಯ. ಸ್ಪರ್ಧಿಗಳು ಮತ್ತು ಬೇಟೆಗಾರ ಜೀವಿಗಳ ನಡುವೆ ಬದುಕುವ ಇದು ತನ್ನ ತವರಿನಲ್ಲಿ ಸಿಗ್ನಿಯಲ್ಲಿರುವಂತಹ ಪ್ರಾಬಲ್ಯವನ್ನು ಪಡೆದಿಲ್ಲ.

ಸಿಗ್ನಿ ದ್ವೀಪದ ಪರಿಸರ

ಸಿಗ್ನಿ ದಕ್ಷಿಣ ಆರ್ಕ್ನಿ ದ್ವೀಪಸಮೂಹಕ್ಕೆ ಸೇರಿದ ಚಿಕ್ಕ ದ್ವೀಪ. ಇದರ ಉದ್ದ ಸುಮಾರು 6.5 ಕಿ.ಮೀ., ಅಗಲ ಸುಮಾರು 5 ಕಿ.ಮೀ. ಇದು 60 ಡಿಗ್ರಿ ದಕ್ಷಿಣ ಅಕ್ಷಾಂಶಕ್ಕಿಂತ ಸ್ವಲ್ಪ ಕೆಳಗಿರುವುದರಿಂದ ಅಂಟಾರ್ಕ್ಟಿಕ್ ಒಪ್ಪಂದದ ವ್ಯಾಪ್ತಿಗೆ ಒಳಪಡುತ್ತದೆ. ದಕ್ಷಿಣ ಜಾರ್ಜಿಯಾದಿಂದ ಇಲ್ಲಿಗೆ ಸುಮಾರು 900 ಕಿ.ಮೀ. ದೂರವಿದ್ದು, ನಡುವೆ ಇರುವುದು ತೆರೆದ ಸಾಗರ. ರೆಕ್ಕೆಯಿಲ್ಲದ ಒಂದು ಮಣ್ಣಿನ ಕೀಟ ಈ ಅಂತರವನ್ನು ಸ್ವಂತ ಬಲದಿಂದ ದಾಟುವುದು ಬಹುತೇಕ ಅಸಾಧ್ಯ.

ದ್ವೀಪದಲ್ಲಿ ಮರಗಳಾಗಲಿ ಪೊದೆಗಳಾಗಲಿ ಇಲ್ಲ. ಹೂಬಿಡುವ ಸ್ಥಳೀಯ ಸಸ್ಯಗಳು ಎರಡು ಮಾತ್ರ: ಅಂಟಾರ್ಕ್ಟಿಕ್ ಕೂದಲಹುಲ್ಲು ಮತ್ತು ಅಂಟಾರ್ಕ್ಟಿಕ್ ಪರ್ಲ್‌ವರ್ಟ್. ಉಳಿದಂತೆ ಹಾವಸೆಗಳು ಮತ್ತು ಕಲ್ಲುಹೂವುಗಳು ನೆಲವನ್ನು ಆವರಿಸಿವೆ. ಎರೆಹುಳುಗಳು ಇಲ್ಲಿಲ್ಲ. ಸತ್ತ ಸಸ್ಯಾಂಶವನ್ನು ಒಡೆಯುವ ಕೆಲಸವನ್ನು ಸೂಕ್ಷ್ಮಜೀವಿಗಳ ಜೊತೆಗೆ, ಸ್ಪ್ರಿಂಗ್‌ಟೈಲ್ ಎಂದು ಕರೆಯಲಾಗುವ ಜಿಗಿಯುವ ಕಿರುಜೀವಿಗಳು ಮತ್ತು ಮೈಟ್ ನುಸಿಗಳು ನಿರ್ವಹಿಸುತ್ತವೆ. ಇವುಗಳ ಗಾತ್ರ ಹೆಚ್ಚೆಂದರೆ ಒಂದೆರಡು ಮಿಲಿಮೀಟರ್. ಕ್ರಿಪ್ಟೊಪೈಗಸ್ ಅಂಟಾರ್ಕ್ಟಿಕಸ್ ಎಂಬ ಸ್ಪ್ರಿಂಗ್‌ಟೈಲ್ ಮತ್ತು ಅಲಾಸ್ಕೊಜೀಟಿಸ್ ಅಂಟಾರ್ಕ್ಟಿಕಸ್ ಎಂಬ ಮೈಟ್ ಇಲ್ಲಿನ ಪ್ರಮುಖ ಪ್ರಭೇದಗಳು.

ಚಳಿ ಮತ್ತು ಕೊಳೆಸುವ ಜೀವಿಗಳ ಕೊರತೆಯಿಂದಾಗಿ ಇಲ್ಲಿ ಸತ್ತ ಹಾವಸೆ ಕೊಳೆಯದೆ ಪದರ ಪದರವಾಗಿ ಶೇಖರವಾಗುತ್ತದೆ. ಹೀಗೆ ಸಾವಿರಾರು ವರ್ಷಗಳಲ್ಲಿ ಬೆಳೆದ ಹಾವಸೆಯ ದಿಬ್ಬಗಳು ಸಿಗ್ನಿಯ ವೈಶಿಷ್ಟ್ಯವಾಗಿವೆ. ಇಲ್ಲಿನ ಕೊಳೆಯುವಿಕೆ ಎಷ್ಟು ನಿಧಾನವೆಂಬುದಕ್ಕೆ 2014ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಸಾಕ್ಷಿಯಾಗಿದೆ. ದ್ವೀಪದ ಹಾವಸೆ ದಿಬ್ಬವೊಂದರ ಹೆಪ್ಪುಗಟ್ಟಿದ ಆಳದಿಂದ ತೆಗೆದ, 1,500 ವರ್ಷಗಳಿಗೂ ಹಳೆಯದಾದ ಹಾವಸೆ ಪ್ರಯೋಗಾಲಯದಲ್ಲಿ ಮತ್ತೆ ಚಿಗುರಿತು. ಇಂತಹ ದಿಬ್ಬಗಳು ಇಂಗಾಲವನ್ನು ದೀರ್ಘಕಾಲ ಹಿಡಿದಿಡುವ ಭಂಡಾರಗಳೂ ಹೌದು, ಹಿಂದಿನ ಹವಾಮಾನದ ದಾಖಲೆಗಳೂ ಹೌದು.

ಸಿಗ್ನಿಗೆ ಪ್ರವೇಶ

ಸಿಗ್ನಿಯಲ್ಲಿ ಬ್ರಿಟನ್ ತನ್ನ ನೆಲೆಯನ್ನು 1947ರಲ್ಲಿ ಸ್ಥಾಪಿಸಿತು. ಮುಂದೆ ಅದು ಧ್ರುವೀಯ ಜೀವಶಾಸ್ತ್ರದ ಪ್ರಮುಖ ಸಂಶೋಧನಾ ಕೇಂದ್ರವಾಗಿ ಬೆಳೆಯಿತು. ಅಂಟಾರ್ಕ್ಟಿಕಾದಲ್ಲಿ ಹೂಬಿಡುವ ಸಸ್ಯಗಳು ಇಷ್ಟು ಕಡಿಮೆ ಇರುವುದೇಕೆ ಎಂಬುದು ಆ ಕಾಲದ ಸಸ್ಯವಿಜ್ಞಾನಿಗಳ ಮುಂದಿದ್ದ ಪ್ರಶ್ನೆಗಳಲ್ಲಿ ಒಂದು. ಅಲ್ಲಿನ ಚಳಿಯಲ್ಲಿ ಬೇರೆ ಸಸ್ಯಗಳು ಬದುಕಲಾರವೋ, ಅಥವಾ ಅವು ಸಾಗರವನ್ನು ದಾಟಿ ಅಲ್ಲಿಗೆ ತಲುಪಿಯೇ ಇಲ್ಲವೋ ಎಂಬುದನ್ನು ಪರೀಕ್ಷಿಸಲು 1960ರ ದಶಕದಲ್ಲಿ ಉಪ-ಅಂಟಾರ್ಕ್ಟಿಕ್ ದ್ವೀಪಗಳ ಸಸ್ಯಗಳನ್ನು ತಂದು ಸಿಗ್ನಿಯಲ್ಲಿ ನೆಡಲಾಯಿತು. ದಕ್ಷಿಣ ಜಾರ್ಜಿಯಾದ ಸಸ್ಯಗಳೂ ಅವುಗಳಲ್ಲಿದ್ದವು.

ಪ್ರಯೋಗದ ಸಸ್ಯಗಳನ್ನು ಮುಂದೆ ತೆಗೆದುಹಾಕಲಾಯಿತು. ಆದರೆ ಅವುಗಳ ಬೇರಿನ ಮಣ್ಣಿನಲ್ಲಿದ್ದ ಜೀವಿಗಳು ಅಷ್ಟರಲ್ಲಿ ನೆಲಕ್ಕಿಳಿದಿದ್ದವು. 1980ರ ದಶಕದ ಆರಂಭದಲ್ಲಿ ಸಂಶೋಧನಾ ಕೇಂದ್ರದ ಸಮೀಪದಲ್ಲೇ, ಹಿಂದಿನ ಪ್ರಯೋಗದ ಜಾಗದಲ್ಲಿ, ಎರೆಟ್ಮಾಪ್ಟೆರಾ ಮರ್ಫಿಯ ಮರಿಹುಳುಗಳು ಪತ್ತೆಯಾದವು. ಕ್ರಿಸ್ಟೆನ್ಸೆನಿಡ್ರಿಲಸ್ ಬ್ಲಾಕಿ ಎಂಬ ಒಂದು ಸಣ್ಣ ಬಿಳಿಹುಳು ಕೂಡ ಇದೇ ಮಾರ್ಗವಾಗಿ ದ್ವೀಪಕ್ಕೆ ಬಂದಿರಬೇಕೆಂದು ಭಾವಿಸಲಾಗಿದೆ.

ಆ ಪ್ರಯೋಗದ ಪ್ರಶ್ನೆಗೆ ಈ ಕೀಟವೇ ಒಂದು ರೀತಿಯಲ್ಲಿ ಉತ್ತರವಾಯಿತು. ಕೆಲವು ಜೀವಿಗಳಿಗಾದರೂ ಅಂಟಾರ್ಕ್ಟಿಕಾದ ಬಾಗಿಲನ್ನು ಮುಚ್ಚಿದ್ದುದು ಚಳಿಯಲ್ಲ, ಸಾಗರದ ಅಂತರ. ಆ ಅಂತರವನ್ನು ಮನುಷ್ಯರು ದಾಟಿಸಿದೊಡನೆ ಅವು ಅಲ್ಲಿ ಬದುಕಬಲ್ಲವು.

ಹರಡುವಿಕೆ

ಪತ್ತೆಯಾದ ಕಾಲದಲ್ಲಿ ಕೀಟದ ನೆಲೆ ಪ್ರಯೋಗದ ಜಾಗದ ಆಸುಪಾಸಿಗೆ ಸೀಮಿತವಾಗಿತ್ತು. ನಂತರದ ದಶಕಗಳಲ್ಲಿ ಅದು ನಿಧಾನವಾಗಿ, ಆದರೆ ನಿಲ್ಲದೆ ವಿಸ್ತರಿಸಿತು. 2013ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಅದು ಸುಮಾರು 35,000 ಚದರ ಮೀಟರ್ ಪ್ರದೇಶದಲ್ಲಿ ಹರಡಿತ್ತು. ಆ ಬಳಿಕದ ಸಮೀಕ್ಷೆಗಳಲ್ಲಿ ಈ ವಿಸ್ತೀರ್ಣ ಸುಮಾರು 85,000 ಚದರ ಮೀಟರಿಗೆ ಏರಿರುವುದು ಕಂಡುಬಂದಿತು. ಇಡೀ ದ್ವೀಪದ ವಿಸ್ತೀರ್ಣಕ್ಕೆ ಹೋಲಿಸಿದರೆ ಇದು ಇನ್ನೂ ಚಿಕ್ಕ ಭಾಗವೇ. ಆದರೆ ನಡೆದು ಮಾತ್ರ ಸಾಗಬಲ್ಲ, ಎರಡು ವರ್ಷಕ್ಕೊಂದು ಪೀಳಿಗೆಯಿರುವ ಕೀಟಕ್ಕೆ ಇದು ಗಮನಾರ್ಹ ವೇಗ.

ಹರಡುವಿಕೆಯ ನಕ್ಷೆಗಳಲ್ಲಿ ಜನರು ಓಡಾಡುವ ದಾರಿಗಳ ಪ್ರಭಾವ ಕಂಡುಬರುತ್ತದೆ. ಸಂಶೋಧಕರು ಮತ್ತು ಕೇಂದ್ರದ ಸಿಬ್ಬಂದಿಯ ಬೂಟಿನ ಅಡಿಯ ಸಂದುಗಳಲ್ಲಿ ಸಿಲುಕಿದ ಮಣ್ಣಿನೊಡನೆ ಮೊಟ್ಟೆಗಳೂ ಮರಿಹುಳುಗಳೂ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುತ್ತವೆ ಎಂಬುದು ಪ್ರಮುಖ ವಿವರಣೆ. ಬೇಸಿಗೆಯಲ್ಲಿ ಕರಗಿ ಇಳಿಜಾರಿನಲ್ಲಿ ಹರಿಯುವ ಹಿಮದ ನೀರು ಕೂಡ ಅವುಗಳನ್ನು ಕೆಳಕ್ಕೆ ಒಯ್ಯಬಲ್ಲದು. ಹೀಗೆ ದ್ವೀಪದ ಪರಿಸರವನ್ನು ಅರಿಯಲು ನಡೆಯುವ ಓಡಾಟವೇ ಆ ಪರಿಸರವನ್ನು ಬದಲಿಸುವ ಜೀವಿಯ ವಾಹನವೂ ಆಗಿದೆ.

ಮಣ್ಣಿನ ಮೇಲಿನ ಪರಿಣಾಮ

ಸಿಗ್ನಿಯಲ್ಲಿ ಈ ಕೀಟಕ್ಕೆ ಸಮಾನ ಗಾತ್ರದ ಸ್ಪರ್ಧಿಗಳಿಲ್ಲ. ಅದನ್ನು ಬೇಟೆಯಾಡುವ ಜೀರುಂಡೆ ಅಥವಾ ಜೇಡಗಳೂ ಇಲ್ಲ. ದಟ್ಟವಾಗಿ ನೆಲೆಸಿರುವ ತಾಣಗಳಲ್ಲಿ ಮರಿಹುಳುಗಳ ಸಂಖ್ಯೆ ಒಂದು ಚದರ ಮೀಟರಿಗೆ ಲಕ್ಷವನ್ನೂ ಮೀರುತ್ತದೆ. ಅಂತಹ ಸ್ಥಳಗಳಲ್ಲಿ ಇವುಗಳ ಒಟ್ಟು ತೂಕ ಅಲ್ಲಿನ ಸ್ಥಳೀಯ ಸಂಧಿಪದಿಗಳೆಲ್ಲದರ ಒಟ್ಟು ತೂಕದ ಹಲವು ಪಟ್ಟು ಆಗಿರುತ್ತದೆ.

ಮರಿಹುಳುಗಳು ಸತ್ತ ಹಾವಸೆ ಮತ್ತು ಪೀಟ್ ಅನ್ನು ತಿಂದು ಸಣ್ಣ ಹಿಕ್ಕೆಗಳಾಗಿ ವಿಸರ್ಜಿಸುತ್ತವೆ. ಸಸ್ಯಾಂಶವು ಹೀಗೆ ಪುಡಿಯಾದಾಗ ಸೂಕ್ಷ್ಮಜೀವಿಗಳು ಅದನ್ನು ಸುಲಭವಾಗಿ ಒಡೆಯುತ್ತವೆ. ಅದರಲ್ಲಿ ದೀರ್ಘಕಾಲ ಬಂಧಿತವಾಗಿದ್ದ ಸಾರಜನಕ ಆಗ ಬಿಡುಗಡೆಯಾಗುತ್ತದೆ. ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆ ಮತ್ತು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನದಲ್ಲಿ, ಕೀಟವಿರುವ ಮಣ್ಣಿನಲ್ಲಿ ನೈಟ್ರೇಟ್ ಪ್ರಮಾಣ ಕೀಟವಿಲ್ಲದ ಮಣ್ಣಿಗಿಂತ ಮೂರರಿಂದ ಐದು ಪಟ್ಟು ಹೆಚ್ಚಿರುವುದು ಕಂಡುಬಂದಿದೆ. ಸೀಲ್‌ಗಳು ಗುಂಪುಗೂಡಿ ಮಲಗುವ, ಅವುಗಳ ಮಲಮೂತ್ರದಿಂದ ಗೊಬ್ಬರವಾದ ನೆಲದಲ್ಲಿ ಕಾಣುವ ಪ್ರಮಾಣಕ್ಕೆ ಇದು ಸಮೀಪವಾಗಿದೆ. ಕೆಲವೇ ಮಿಲಿಮೀಟರ್ ಉದ್ದದ ಕೀಟವೊಂದು ಬೃಹತ್ ಪ್ರಾಣಿಗಳ ಹಿಂಡಿನಷ್ಟೇ ಪರಿಣಾಮವನ್ನು ಮಣ್ಣಿನ ಮೇಲೆ ಬೀರುತ್ತಿದೆ ಎಂದು ಇದರಿಂದ ತಿಳಿಯುತ್ತದೆ.

ಕೃಷಿ ಭೂಮಿಯಲ್ಲಿ ಇಂತಹ ಕೆಲಸವನ್ನು ಎರೆಹುಳು ಮಾಡುತ್ತದೆ. ಅದನ್ನು ರೈತನ ಮಿತ್ರನೆಂದು ಕರೆಯುವುದು ರೂಢಿ. ತಾನು ನೆಲೆಸಿದ ಪರಿಸರದ ಭೌತಿಕ ಮತ್ತು ರಾಸಾಯನಿಕ ಸ್ವರೂಪವನ್ನೇ ಬದಲಿಸುವ ಇಂತಹ ಜೀವಿಯನ್ನು ಪರಿಸರ ವಿಜ್ಞಾನದಲ್ಲಿ ಪರಿಸರ ವ್ಯವಸ್ಥೆಯ ಶಿಲ್ಪಿ ಎಂದು ವರ್ಣಿಸಲಾಗುತ್ತದೆ. ಫಲವತ್ತತೆ ಹೆಚ್ಚುವುದು ಹೊಲದಲ್ಲಿ ಲಾಭ. ಆದರೆ ಸಿಗ್ನಿಯ ಹಾವಸೆಗಳು ಮತ್ತು ಕಿರುಜೀವಿಗಳು ಪೋಷಕಾಂಶಗಳ ಕೊರತೆಗೆ ಹೊಂದಿಕೊಂಡು ವಿಕಾಸಗೊಂಡಿವೆ. ಸಾರಜನಕ ಹೆಚ್ಚಾದರೆ ನಿಧಾನವಾಗಿ ಬೆಳೆಯುವ ಸಸ್ಯಗಳಿಗಿಂತ ವೇಗವಾಗಿ ಬೆಳೆಯುವ ಸಸ್ಯಗಳಿಗೆ ಅನುಕೂಲವಾಗುತ್ತದೆ. ಅಂಟಾರ್ಕ್ಟಿಕಾದ ಕಿಂಗ್ ಜಾರ್ಜ್ ದ್ವೀಪದಲ್ಲಿ ಈಗಾಗಲೇ ಬೇರೂರಿರುವ ಪೋವಾ ಆನ್ಯುವಾ ಎಂಬ ಹುಲ್ಲು ಅಂತಹ ಹೊರಗಿನ ಸಸ್ಯಗಳಿಗೆ ಉದಾಹರಣೆ. ಒಂದು ಆಕ್ರಮಣಕಾರಿ ಪ್ರಭೇದ ಸಿದ್ಧಪಡಿಸಿದ ಮಣ್ಣು ಮತ್ತೊಂದಕ್ಕೆ ದಾರಿಯಾಗಬಹುದೆಂಬುದು ತಜ್ಞರ ಆತಂಕ. ಸಾವಿರಾರು ವರ್ಷಗಳಿಂದ ಶೇಖರವಾದ ಪೀಟ್ ವೇಗವಾಗಿ ಒಡೆದರೆ ಅದರಲ್ಲಿನ ಇಂಗಾಲ ಹೊರಬರುವ ಸಾಧ್ಯತೆಯೂ ಇದೆ.

ಸಿಗ್ನಿಯ ನೆಲದ ಮೇಲೆ ಬೇರೆ ಒತ್ತಡಗಳೂ ಇವೆ. 1970ರ ದಶಕದಿಂದೀಚೆಗೆ ಬೇಸಿಗೆಯಲ್ಲಿ ದ್ವೀಪಕ್ಕೆ ಬರುವ ಅಂಟಾರ್ಕ್ಟಿಕ್ ತುಪ್ಪಳದ ಸೀಲ್‌ಗಳ ಸಂಖ್ಯೆ ಬಹಳವಾಗಿ ಹೆಚ್ಚಿ, ಕರಾವಳಿಯ ತಗ್ಗು ಪ್ರದೇಶದ ಹಾವಸೆಗೆ ಹಾನಿಯಾಗಿದೆ. ಆದ್ದರಿಂದ ಕೀಟದ ಪರಿಣಾಮವನ್ನು ಸೀಲ್‌ಗಳ ಪರಿಣಾಮದಿಂದ ಬೇರ್ಪಡಿಸಿ ಅಳೆಯುವುದು ಅಧ್ಯಯನಗಳ ಒಂದು ಮುಖ್ಯ ಭಾಗವಾಗಿದೆ.

ಶೀತ ಮತ್ತು ನೀರನ್ನು ತಾಳುವ ಸಾಮರ್ಥ್ಯ

ದಕ್ಷಿಣ ಜಾರ್ಜಿಯಾ ಸಿಗ್ನಿಗಿಂತ ಬೆಚ್ಚಗಿನ ದ್ವೀಪ. ಹೀಗಿದ್ದರೂ ಎರೆಟ್ಮಾಪ್ಟೆರಾ ಮರ್ಫಿಯ ಮರಿಹುಳುಗಳಿಗೆ ತವರಿನಲ್ಲಿ ಎದುರಾಗುವುದಕ್ಕಿಂತ ತೀವ್ರವಾದ ಚಳಿಯನ್ನು ಸಹಿಸುವ ಶಕ್ತಿಯಿದೆ. ಅವುಗಳ ದೇಹದ ದ್ರವ ಹೆಪ್ಪುಗಟ್ಟಿದರೂ ಅವು ಸಾಯುವುದಿಲ್ಲ. ಮಂಜುಗಡ್ಡೆ ಜೀವಕೋಶಗಳ ಹೊರಗೆ ಉಂಟಾಗಿ, ಕೋಶಗಳ ಒಳಭಾಗ ಸುರಕ್ಷಿತವಾಗಿ ಉಳಿಯುತ್ತದೆ. ಮೈನಸ್ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಉಷ್ಣತೆಯಲ್ಲೂ ಮರಿಹುಳುಗಳು ಬದುಕುಳಿದಿರುವುದನ್ನು ಪ್ರಯೋಗಗಳು ತೋರಿಸಿವೆ. ಸ್ವಲ್ಪ ಹೊತ್ತು ಸೌಮ್ಯ ಚಳಿಗೆ ಒಡ್ಡಿದರೆ ಅವುಗಳ ಸಹಿಷ್ಣುತೆ ಇನ್ನಷ್ಟು ಹೆಚ್ಚುತ್ತದೆ. ಚಳಿಗಾಲದಲ್ಲಿ ನೆಲವನ್ನು ಹೊದ್ದಿರುವ ಹಿಮ ಕಂಬಳಿಯಂತೆ ವರ್ತಿಸಿ, ಮಣ್ಣಿನ ಉಷ್ಣತೆ ಗಾಳಿಯಷ್ಟು ಇಳಿಯದಂತೆ ತಡೆಯುವುದರಿಂದ ಸಿಗ್ನಿಯ ಚಳಿಗಾಲ ಇವುಗಳಿಗೆ ಮಾರಕವಾಗುವುದಿಲ್ಲ.

ಮರಿಹುಳುಗಳು ನೀರಿನಲ್ಲಿ ಮುಳುಗಿದರೂ, ಉಪ್ಪುನೀರಿನಲ್ಲಿಯೂ ಸಹ, ಹಲವು ದಿನ ಜೀವಿಸಬಲ್ಲವು. ಹೀಗಾಗಿ ತೊರೆಗಳ ಮೂಲಕ, ಮತ್ತು ಸಮೀಪದ ತೀರಗಳಿಗೆ ಸಮುದ್ರದ ಮೂಲಕವೂ, ಇವು ಸಾಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಪಶ್ಚಿಮ ಭಾಗದ ಹಲವು ತಾಣಗಳ ಹವಾಮಾನ ಈ ಕೀಟದ ಸಹನೆಯ ಮಿತಿಯೊಳಗಿದೆ. ಅಲ್ಲಿ ಬೇಸಿಗೆ ದೀರ್ಘವಾದಷ್ಟೂ ಅದಕ್ಕೆ ಅನುಕೂಲ ಹೆಚ್ಚು ಎಂದು ಅಂದಾಜಿಸಲಾಗಿದೆ.

ಇತರ ಶೀತ ದ್ವೀಪಗಳಲ್ಲಿ ಇಂತಹ ಆಕ್ರಮಣಗಳು

ಎರೆಟ್ಮಾಪ್ಟೆರಾ ಮರ್ಫಿಯ ಕಥೆ ಒಂಟಿಯಾದುದಲ್ಲ. ಧ್ರುವಗಳ ಸಮೀಪದ ಹಲವು ದ್ವೀಪಗಳಲ್ಲಿ ಮನುಷ್ಯರ ಸಾಮಗ್ರಿಗಳೊಡನೆ ಬಂದ ಅಕಶೇರುಕಗಳು ನೆಲೆಸಿವೆ.

ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ದಕ್ಷಿಣ ಆಫ್ರಿಕಾಕ್ಕೆ ಸೇರಿದ ಮೇರಿಯನ್ ದ್ವೀಪವಿದೆ. ಅಲ್ಲಿ ಇದೇ ಕುಟುಂಬದ ಲಿಮ್ನೊಫೈಸ್ ಮಿನಿಮಸ್ ಎಂಬ ಹೊರಗಿನ ನೊರಜು ವ್ಯಾಪಕವಾಗಿ ಹರಡಿದೆ. ಅದು ಸಹ ಅನಿಷೇಕವಾಗಿ ವೃದ್ಧಿಸುತ್ತದೆ. ಅದರ ಮರಿಹುಳುಗಳೂ ಸತ್ತ ಸಸ್ಯಾಂಶವನ್ನು ತಿನ್ನುತ್ತವೆ. ಮೇರಿಯನ್‌ನಲ್ಲಿ ಈ ಕೆಲಸ ಮೂಲತಃ ಪ್ರಿಂಗ್ಲಿಯೊಫಾಗಾ ಮರಿಯೊನಿ ಎಂಬ ಸ್ಥಳೀಯ, ಹಾರಲಾರದ ಪತಂಗದ ಕಂಬಳಿಹುಳುಗಳದ್ದು. ಆ ಕಂಬಳಿಹುಳುಗಳನ್ನು ಮನುಷ್ಯರೊಡನೆ ಬಂದ ಮನೆಯಿಲಿಗಳು ತಿನ್ನುತ್ತಿರುವುದರಿಂದ ಮಣ್ಣಿನ ಪೋಷಕಾಂಶ ಚಕ್ರ ಎರಡೂ ಕಡೆಯಿಂದ ಬದಲಾಗುತ್ತಿದೆ.

ಅದೇ ಸಾಗರದ ಫ್ರೆಂಚ್ ಆಡಳಿತದ ಕರ್ಗುಲೆನ್ ದ್ವೀಪಗಳಲ್ಲಿ ಆದದ್ದು ಬೇರೆ ಬಗೆಯ ಆಕ್ರಮಣ. ಮೆರಿಜೋಡಸ್ ಸೊಲೆಡಾಡಿನಸ್ ಎಂಬ ಬೇಟೆಗಾರ ನೆಲಜೀರುಂಡೆ 1913ರ ಸುಮಾರಿಗೆ ಪೋರ್ಟ್-ಕುವ್ರೂ ಎಂಬ ಕುರಿ ಸಾಕಣೆಯ ನೆಲೆಗೆ ಬಂದಿತು. ಹಾರಲಾರದ ಈ ಜೀರುಂಡೆ ದಶಕಗಳ ಕಾಲ ಹರಡಿ, ಅಲ್ಲಿನ ರೆಕ್ಕೆಯಿಲ್ಲದ ಸ್ಥಳೀಯ ನೊಣಗಳನ್ನು ಬೇಟೆಯಾಡುತ್ತಿದೆ. ಎರೆಟ್ಮಾಪ್ಟೆರಾ ಮರ್ಫಿಯ ತವರಾದ ದಕ್ಷಿಣ ಜಾರ್ಜಿಯಾಕ್ಕೂ ಇದೇ ಜೀರುಂಡೆ ಮತ್ತು ಟ್ರೆಕಿಸಿಬಸ್ ಅಂಟಾರ್ಕ್ಟಿಕಸ್ ಎಂಬ ಇನ್ನೊಂದು ಬೇಟೆಗಾರ ಜೀರುಂಡೆ ಪ್ರವೇಶಿಸಿವೆ. ಹೀಗೆ ಒಂದೇ ದ್ವೀಪ ಒಂದು ಆಕ್ರಮಣದ ಮೂಲವೂ ಮತ್ತೊಂದು ಆಕ್ರಮಣದ ಗುರಿಯೂ ಆಗಿದೆ.

ಅಂಟಾರ್ಕ್ಟಿಕ್ ಪರ್ಯಾಯ ದ್ವೀಪಕ್ಕೆ ಸಮೀಪದ ಕಿಂಗ್ ಜಾರ್ಜ್ ದ್ವೀಪದಲ್ಲಿ ಟ್ರೈಕೊಸೆರಾ ಮ್ಯಾಕುಲಿಪೆನಿಸ್ ಎಂಬ ಉತ್ತರಾರ್ಧಗೋಳದ ನೊಣವು 2006–07ರ ಬೇಸಿಗೆಯಲ್ಲಿ ಉರುಗ್ವೆಯ ಆರ್ಟಿಗಾಸ್ ಕೇಂದ್ರದ ಚರಂಡಿ ವ್ಯವಸ್ಥೆಯಲ್ಲಿ ಪತ್ತೆಯಾಯಿತು. ಅಲ್ಲಿಂದ ಅದು ದ್ವೀಪದ ಬೇರೆ ಕೇಂದ್ರಗಳಿಗೂ ಹರಡಿತು. ಪ್ರವಾಸಿಗರು ಹೆಚ್ಚಾಗಿ ಭೇಟಿ ನೀಡುವ ಡಿಸೆಪ್ಷನ್ ದ್ವೀಪದಲ್ಲಿ ಹೈಪೊಗ್ಯಾಸ್ಟ್ರುರಾ ವಯಾಟಿಕಾ ಸೇರಿದಂತೆ ಹಲವು ಹೊರಗಿನ ಸ್ಪ್ರಿಂಗ್‌ಟೈಲ್‌ಗಳು ಕಂಡುಬಂದಿವೆ.

ಉತ್ತರ ಧ್ರುವದ ಕಡೆಗೂ ಉದಾಹರಣೆಗಳಿವೆ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ಬಾರೆಂಟ್ಸ್‌ಬರ್ಗ್ ಎಂಬ ಗಣಿ ಪಟ್ಟಣದಲ್ಲಿ ಹಸಿರುಮನೆಯ ಬೇಸಾಯಕ್ಕಾಗಿ ಹೊರಗಿನಿಂದ ಮಣ್ಣನ್ನು ತರಲಾಗಿತ್ತು. ಆ ಮಣ್ಣಿನೊಡನೆ ಬಂದ ಹಲವು ಅಕಶೇರುಕಗಳು ಅಲ್ಲಿನ ನೆಲದಲ್ಲಿ ಬದುಕಿರುವುದು 2013ರಲ್ಲಿ ವರದಿಯಾಯಿತು. ಸಿಗ್ನಿಯಲ್ಲಾಗಲಿ ಸ್ವಾಲ್ಬಾರ್ಡ್‌ನಲ್ಲಾಗಲಿ ವಾಹಕವಾದದ್ದು ಒಂದೇ: ಸೋಂಕು ಕಳೆಯದ ಮಣ್ಣು.

ತಡೆ ಮತ್ತು ನಿಯಂತ್ರಣ

ಅಂಟಾರ್ಕ್ಟಿಕ್ ಒಪ್ಪಂದದ ದೇಶಗಳು 1964ರಲ್ಲೇ ಪ್ರಾಣಿ ಮತ್ತು ಸಸ್ಯ ಸಂರಕ್ಷಣೆಯ ಕ್ರಮಗಳನ್ನು ಅಂಗೀಕರಿಸಿ, ಅನುಮತಿಯಿಲ್ಲದೆ ಹೊರಗಿನ ಪ್ರಭೇದಗಳನ್ನು ತರುವುದನ್ನು ನಿರ್ಬಂಧಿಸಿದವು. 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಹಿ ಮಾಡಲಾದ, 1998ರಲ್ಲಿ ಜಾರಿಗೆ ಬಂದ ಪರಿಸರ ಸಂರಕ್ಷಣಾ ಪ್ರೋಟೋಕಾಲ್ ಈ ನಿರ್ಬಂಧವನ್ನು ಬಿಗಿಗೊಳಿಸಿತು. ಆಕಸ್ಮಿಕ ಪ್ರವೇಶವನ್ನು ತಡೆಯುವ ವಿಧಾನಗಳನ್ನು ವಿವರಿಸುವ ಕೈಪಿಡಿಯೊಂದನ್ನು ಪ್ರೋಟೋಕಾಲ್‌ನ ಪರಿಸರ ಸಮಿತಿಯು 2011ರಲ್ಲಿ ಹೊರತಂದಿತು. ಭಾರತವು 1983ರಲ್ಲಿ ಒಪ್ಪಂದಕ್ಕೆ ಸೇರಿತು. ‘ಮೈತ್ರಿ’ ಮತ್ತು ‘ಭಾರತಿ’ ಕೇಂದ್ರಗಳನ್ನು ನಡೆಸುವ ಭಾರತದ 2022ರ ಭಾರತೀಯ ಅಂಟಾರ್ಕ್ಟಿಕ್ ಕಾಯ್ದೆಯೂ ಹೊರಗಿನ ಪ್ರಾಣಿ, ಸಸ್ಯ ಮತ್ತು ಸೂಕ್ಷ್ಮಜೀವಿಗಳನ್ನು ಅನುಮತಿಯಿಲ್ಲದೆ ಅಲ್ಲಿಗೆ ಒಯ್ಯುವುದನ್ನು ನಿಷೇಧಿಸುತ್ತದೆ.

ಸಿಗ್ನಿಯಲ್ಲಿ ಈಗಾಗಲೇ ನೆಲೆಸಿರುವ ಕೀಟವನ್ನು ನಿರ್ಮೂಲನ ಮಾಡುವುದು ಅತ್ಯಂತ ಕಷ್ಟ. ಇಲಿ ಅಥವಾ ಮೊಲಗಳಂತಹ ಪ್ರಾಣಿಗಳನ್ನು ವಿಷದ ಆಹಾರದಿಂದ ದ್ವೀಪಗಳಿಂದ ತೊಲಗಿಸಿದ ನಿದರ್ಶನಗಳಿವೆ. ಮಣ್ಣಿನೊಳಗೆ ಹರಡಿರುವ ಕೋಟ್ಯಂತರ ಮರಿಹುಳುಗಳಿಗೆ ಆ ಮಾರ್ಗ ಅನ್ವಯಿಸುವುದಿಲ್ಲ. ಕೀಟನಾಶಕ ಬಳಸಿದರೆ ಅದೇ ಮಣ್ಣಿನ ಸ್ಥಳೀಯ ಕಿರುಜೀವಿಗಳೂ ಸಾಯುತ್ತವೆ. ಒಪ್ಪಂದದ ವ್ಯಾಪ್ತಿಯಲ್ಲಿ ಕೀಟನಾಶಕಗಳ ಬಳಕೆಗೆ ಕಟ್ಟುನಿಟ್ಟಾದ ಮಿತಿಯೂ ಇದೆ. ಆದ್ದರಿಂದ ಇರುವ ನೆಲೆಯಿಂದ ಹೊರಗೆ ಹರಡದಂತೆ ತಡೆಯುವುದೇ ಸದ್ಯದ ಮುಖ್ಯ ಉಪಾಯವಾಗಿದೆ.

ಅಂಟಾರ್ಕ್ಟಿಕ್ ಕೇಂದ್ರಗಳಲ್ಲಿ ಬೂಟುಗಳನ್ನು ಸೋಂಕುನಿವಾರಕ ದ್ರಾವಣದಲ್ಲಿ ತೊಳೆಯುವುದು ವಾಡಿಕೆ. ಇದಕ್ಕಾಗಿ ಹೆಚ್ಚಾಗಿ ಬಳಸುವ ವಿರ್ಕಾನ್ ಎಸ್ ಎಂಬ ದ್ರಾವಣ ಮುಖ್ಯವಾಗಿ ಸೂಕ್ಷ್ಮಜೀವಿಗಳನ್ನು ಕೊಲ್ಲಲು ರೂಪಿಸಿದ್ದು. ಅಧ್ಯಯನವೊಂದರಲ್ಲಿ ಎರೆಟ್ಮಾಪ್ಟೆರಾ ಮರ್ಫಿಯ ಮರಿಹುಳುಗಳು ಇದರ ಶೇಕಡ 1ರ ದ್ರಾವಣದಲ್ಲಿ 8 ಗಂಟೆಗೂ ಹೆಚ್ಚು ಕಾಲ ಮುಳುಗಿದ್ದು ಬದುಕುಳಿದವು. ಉಪ್ಪುನೀರೂ ಪರಿಣಾಮಕಾರಿಯಾಗಲಿಲ್ಲ. ಆದರೆ 50 ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರಿನಲ್ಲಿ 10 ಸೆಕೆಂಡು ಇರಿಸಿದಾಗ ಮರಿಹುಳುಗಳೆಲ್ಲ ಸತ್ತವು. ಚಳಿಯನ್ನು ಗೆಲ್ಲುವ ಈ ಜೀವಿಗೆ ಬಿಸಿ ತಾಳುವ ಶಕ್ತಿ ಕಡಿಮೆ ಎಂಬುದು ಇದರಿಂದ ಸ್ಪಷ್ಟವಾಯಿತು. ದ್ರಾವಣದಲ್ಲಿ ಕೆಲವು ಕ್ಷಣ ಬೂಟನ್ನು ಅದ್ದುವುದಕ್ಕಿಂತ, ಅದರ ಅಡಿಯಲ್ಲಿ ಸಿಲುಕಿದ ಮಣ್ಣನ್ನು ಬ್ರಷ್‌ನಿಂದ ಪೂರ್ತಿಯಾಗಿ ಉಜ್ಜಿ ತೆಗೆಯುವುದು ಮುಖ್ಯವೆಂಬುದೂ ಇದರಿಂದ ತಿಳಿಯುತ್ತದೆ.

ಸಿಗ್ನಿ ಸಂಶೋಧನಾ ಕೇಂದ್ರವು 1996ರಿಂದ ಬೇಸಿಗೆಯಲ್ಲಿ ಮಾತ್ರ ಕಾರ್ಯನಿರ್ವಹಿಸುತ್ತಿದೆ. ಕೀಟದ ಮರಿಹುಳುಗಳು ಮಣ್ಣಿನ ಮೇಲ್ಪದರದಲ್ಲಿ ಚುರುಕಾಗಿರುವುದೂ ಪ್ರೌಢ ಕೀಟಗಳು ಮೊಟ್ಟೆಯಿಡುವುದೂ ಅದೇ ಋತುವಿನಲ್ಲಿ. ಇಲ್ಲಿಂದ ಬೇರೆ ದ್ವೀಪಗಳಿಗೆ ಮತ್ತು ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಕೇಂದ್ರಗಳಿಗೆ ತೆರಳುವವರ ಪಾದರಕ್ಷೆ, ಚೀಲ ಮತ್ತು ಉಪಕರಣಗಳನ್ನು ಮಣ್ಣಿನ ಕಣವೂ ಉಳಿಯದಂತೆ ಶುಚಿಗೊಳಿಸುವುದು ಈ ಪ್ರಭೇದ ಮುಂದಿನ ದ್ವೀಪವನ್ನು ತಲುಪದಂತೆ ತಡೆಯುವ ಪ್ರಮುಖ ಮಾರ್ಗವಾಗಿದೆ.